ಗುಮಾಸ್ತನ ಜ್ವರ

ಫೆಬ್ರವರಿ 6
ಬಂದರು ಕಚೇರಿಯ ಹೊರಗಿನ ಬೆಂಚು

ಔಷಧಿ ಬೀರುವಿನ ಒಡತಿಗೆ, ನನ್ನ ಹೆಂಡತಿಗೆ,

ಈ ಕಾಗದ ಹರಿದು ಬುಟ್ಟಿಗೆ ಹಾಕುವ ಮುಂಚೆ ಒಂದು ಸಾಲು ಓದು: ಗುಮಾಸ್ತನಿಗೆ ಮೈ ಸರಿಯಿಲ್ಲ.

ಇನ್ನು ನೀನು ಹರಿಯುವುದಿಲ್ಲ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಕೂತು ಸಮುದ್ರದ ನಕ್ಷೆ ಬರೆದವನು ಕೊನೆಗೂ ಸಮುದ್ರದ ಮೇಲಿದ್ದೇನೆ. ಆಳ ಎಷ್ಟು, ಬಂಡೆ ಎಲ್ಲಿ ಅಂತ ನಾನೇ ಅಂಕಿ ಬರೆದಿದ್ದ ಜಾಗದಲ್ಲಿ ನನ್ನದೇ ಹಾಯಿದೋಣಿ ತೇಲುತ್ತಿದೆ. ಗಾಳಿ ಇದ್ದರೆ ಯಾನ, ಇಲ್ಲದಿದ್ದರೆ ಧ್ಯಾನ. ಹಾಯಿ ಬಿಚ್ಚಿದಾಗ ನಾನು ರಾಯ, ಮಡಚಿದಾಗ ಅಡುಗೆಯ ಸಹಾಯ. ಡಿಸೆಂಬರ್ ಇಪ್ಪತ್ತರಿಂದ ಮೊನ್ನೆ ನಾಲ್ಕರವರೆಗೆ, ಪೂರಾ ನಲವತ್ತಾರು ದಿನ, ನೆಲದ ಮುಖ ನೋಡಿಲ್ಲ. ಸುತ್ತ ನೀರು, ನಡುವೆ ಇಬ್ಬರು ಗಂಡಸರು, ಒಬ್ಬನಿಗೆ ನಾಲ್ಕು ಕಾಲು. ಇದನ್ನು ನಿನ್ನ ತಂಗಿಯ ಗಂಡನಿಗೆ ಓದಿ ಹೇಳು. ‘ಭಾವ ಆ ದೋಣೀಲಿ ಆಚೆ ದಡಾನೂ ಮುಟ್ಟಲ್ಲ’ ಅಂದಿದ್ದನಲ್ಲ.

ಈಗ ಗುಮಾಸ್ತ. ಬಾಗಿಲಲ್ಲಿ ಕೂತು ಬರುವವರು ಹೋಗುವವರ ಹಾಜರಿ ತೆಗೆದುಕೊಳ್ಳುತ್ತಾನೆ ಅಂತ ನೀನೇ ಇಟ್ಟ ಹೆಸರು. ದೋಣಿಯಲ್ಲೂ ಅದೇ ಉದ್ಯೋಗ ಮಾಡುತ್ತಿದ್ದ. ಮೀನು ಹಾರಿದರೆ ಒಂದು ಬೊಗಳು, ಹಕ್ಕಿ ಕೂತರೆ ಎರಡು. ಕಳೆದ ಭಾನುವಾರದಿಂದ ಕೆಲಸ ನಿಲ್ಲಿಸಿದ್ದಾನೆ. ತಿನ್ನುವುದಿಲ್ಲ, ನೀರು ಕುಡಿಯುವುದು ನಿಲ್ಲಿಸುವುದಿಲ್ಲ. ಬಾಲ ಆಡುವುದಿಲ್ಲ, ಕಾಲು ಓಡುವುದಿಲ್ಲ. ಕಿವಿಯ ಒಳಗೆ ಬೆರಳಿಟ್ಟರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಾಗುತ್ತದೆ. ಕೆಳಗಿನ ಕೋಣೆಯಿಂದ ಮೇಲಕ್ಕೆ ಐದು ಮೆಟ್ಟಿಲಿನ ಏಣಿ ಇದೆ. ಎರಡೇ ನೆಗೆತಕ್ಕೆ ಹತ್ತುತ್ತಿದ್ದವನು ಈಗ ಅದರ ಬುಡದಲ್ಲಿ ಮಲಗಿ ನನ್ನ ಪಾದ ನೋಡುತ್ತಾನೆ. ದಿನಕ್ಕೆ ನಾಲ್ಕು ಸಲ ಎತ್ತಿಕೊಂಡು ಹೋಗಿ, ಅವನ ಬಹಿರ್ದೆಸೆಗೆಂದೇ ಹಾಸಿರುವ ಹಸಿರು ಚಾಪೆಯ ಮೇಲೆ ನಿಲ್ಲಿಸಿ, ಮುಖ ಆಚೆ ತಿರುಗಿಸಿಕೊಂಡು ಕಾಯುತ್ತೇನೆ. ನಾನು ನೋಡುತ್ತಿದ್ದರೆ ಮಾಡುವುದಿಲ್ಲ. ಮರ್ಯಾದಸ್ಥ.

ಈ ಊರಿನಲ್ಲಿ ಪ್ರಾಣಿಗಳ ಡಾಕ್ಟರಿಲ್ಲ. ಔಷಧಿ ಅಂಗಡಿ ಅಂತ ಒಂದಿದೆ, ಅಲ್ಲಿ ಸಿಗುವುದು ತಲೆನೋವಿನ ಮುಲಾಮು ಮತ್ತು ಮಕ್ಕಳ ಪೌಡರು. ಏನು ಕೊಡಲಿ, ಬರೆ. ಇಲ್ಲವೇ ನೀನೇ ಬಾ. ರೈಲು, ಬಸ್ಸು, ಆಮೇಲೆ ವಾರಕ್ಕೊಮ್ಮೆ ಬರುವ ಲಾಂಚು. ಮಲಗಲು ಮುಂದಿನ ಹಾಸಿಗೆ ಬಿಟ್ಟುಕೊಡುತ್ತೇನೆ. ಜಗಳಕ್ಕೆ ಹಿಂದುಗಡೆ ಬೇಕಾದಷ್ಟು ಜಾಗವಿದೆ.

ನಿನ್ನ ನಕ್ಷೆಗಾರ


ಫೆಬ್ರವರಿ 17
ಪ್ರಾಣಿಗಳ ಕ್ಲಿನಿಕ್ಕು, ಮಧ್ಯಾಹ್ನದ ಬಿಡುವು

ನಕ್ಷೆಗಾರರಿಗೆ,

ಹರಿಯಲಿಲ್ಲ. ಮಡಚಿ, ನಿಮ್ಮ ಹಿಂದಿನ ಮೂರು ಕಾಯಿಲೆಗಳ ಜೊತೆ ಇಟ್ಟಿದ್ದೇನೆ.

ಮರೆತಿದ್ದರೆ ನೆನಪಿಸುತ್ತೇನೆ. ಮದುವೆಯಾದ ಮೂರನೇ ವರ್ಷ ತಂಗಿಯ ಹೆರಿಗೆಗೆ ಹೋಗಿದ್ದೆ. ನಾಲ್ಕನೇ ದಿನಕ್ಕೆ ‘ನೂರಾ ನಾಲ್ಕು ಜ್ವರ’ ಅಂತ ನಿಮ್ಮ ಕಾಗದ. ಎದ್ದೆನೋ ಬಿದ್ದೆನೋ ಅಂತ ಬಂದರೆ ನೀವು ನೆಲದ ಮೇಲೆ ಇಸ್ಪೀಟು ಹರಡಿಕೊಂಡು ಕೂತಿದ್ದಿರಿ. ‘ಎಲ್ರೀ ಜ್ವರ’ ಅಂದರೆ ‘ನಿನ್ನ ನೋಡಿದ ಕೂಡ್ಲೇ ಇಳೀತು’ ಅಂದಿರಿ. ಎರಡನೇ ಸಲ ಅಮ್ಮನ ಕಣ್ಣಿನ ಆಪರೇಷನ್. ಪಕ್ಕದ ಮನೆ ಮೇಷ್ಟ್ರ ಕೈಬರಹದಲ್ಲಿ ಕಾಗದ ಬಂತು, ‘ನಿಮ್ಮ ಯಜಮಾನರು ಎರಡು ದಿನದಿಂದ ಮಾತೇ ಆಡುತ್ತಿಲ್ಲ’ ಅಂತ. ಮೇಷ್ಟ್ರು ಆ ತಿಂಗಳು ಊರಿನಲ್ಲೇ ಇರಲಿಲ್ಲ. ಅವರ ಅಕ್ಷರವನ್ನು ಅವರಿಗಿಂತ ಚೆನ್ನಾಗಿ ನೀವೇ ಬರೆದಿದ್ದಿರಿ. ಮೂರನೆಯದು ಎದೆನೋವು, ಅದನ್ನು ನೆನೆಸಿಕೊಂಡರೆ ನಿಮ್ಮ ಬದಲು ನನಗೆ ನಾಚಿಕೆಯಾಗುತ್ತದೆ.

ಈಗ ನಿಮ್ಮ ಮೈ ಸಾಲದೆ ಅವನ ಮೈಗೂ ಜ್ವರ ಬರೆದಿದ್ದೀರಿ.

ನೀವು ಹೇಳುವ ಲಕ್ಷಣಗಳು ಉಣ್ಣೆ ಜ್ವರದ್ದು. ಇಲ್ಲಿ ವಾರಕ್ಕೆ ನಾಲ್ಕು ಬರುತ್ತವೆ. ಹನ್ನೊಂದು ವರ್ಷ ಊಟದ ಹೊತ್ತಿನಲ್ಲಿ ನಿಮಗೆ ಇವೇ ಕಥೆಗಳನ್ನು ಹೇಳಿದ್ದೇನೆ, ಬಾಯಿಪಾಠ ಆಗಿರಲೇಬೇಕು. ಆದರೆ ಒಂದು ಮರೆತಿರಿ. ನಾಯಿಯ ರಕ್ತ ಹೀರುವ ಉಣ್ಣೆ ಹುಲ್ಲಿನಲ್ಲಿರುತ್ತದೆ, ಕಸದಲ್ಲಿರುತ್ತದೆ, ಬೇರೆ ನಾಯಿಯ ಕಿವಿಯಲ್ಲಿರುತ್ತದೆ. ನಲವತ್ತಾರು ದಿನ ಉಪ್ಪುನೀರಿನ ನಡುವೆ ಇದ್ದವನಿಗೆ ಎಲ್ಲಿಂದ ಹತ್ತಿತು? ಈಜಿಕೊಂಡು ಬಂತೇ? ಸುಳ್ಳಿಗೂ ಒಂದು ನಕ್ಷೆ ಬೇಕು ಸ್ವಾಮಿ.

ಆದರೂ ಗುಮಾಸ್ತನ ಹೆಸರಿನಲ್ಲಿ ಬಂದ ಅರ್ಜಿ, ತಳ್ಳಿಹಾಕುವ ಹಾಗಿಲ್ಲ. ಇಪ್ಪತ್ತು ಹಳದಿ ಗುಳಿಗೆ ಇಟ್ಟಿದ್ದೇನೆ. ಬೆಳಿಗ್ಗೆ ಒಂದು, ಸಂಜೆ ಒಂದು. ಈ ಮದ್ದು ಬಹಳ ಜನಕ್ಕೆ ಗುಣ ಕೊಟ್ಟಿದೆ.

ನಾನು ಬರುವುದಿಲ್ಲ. ಫೋನೂ ಮಾಡಬೇಡಿ, ಫೋನಿನಲ್ಲಿ ನೀವು ಕೆಮ್ಮುತ್ತೀರಿ. ಅಕ್ಟೋಬರಿನಲ್ಲಿ ನಾನು ಕೆಲಸಕ್ಕೆ ಹೋಗಿದ್ದಾಗ ಮೇಜಿನ ಮೇಲೆ ಚೀಟಿ ಇಟ್ಟು ಅವನನ್ನು ಕರೆದುಕೊಂಡು ಹೋದಿರಲ್ಲ, ಹಾಗೆಯೇ ಒಂದು ದಿನ ಕರೆದುಕೊಂಡು ಬಂದು ಬಿಟ್ಟು ಹೋಗಿ. ಚೀಟಿ ಬೇಡ. ಅವನು ನನ್ನ ಚಪ್ಪಲಿ ಸದ್ದಿಗೆ ಆರು ಗಂಟೆಗೆ ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದವನು. ಇವತ್ತಿಗೂ ಬೀಗ ತೆಗೆದ ಮೇಲೆ ಬಾಗಿಲನ್ನು ಮೆಲ್ಲಗೆ ತಳ್ಳುತ್ತೇನೆ, ಹಿಂದೆ ಮೂಗಿರುತ್ತದೆ ಅಂತ.

ಇಂತಿ,
ಒಡತಿ


ಮಾರ್ಚ್ 1
ಅದೇ ಬಂದರು

ಒಡತಿಗೆ,

ಬರೆಯುವ ಕಾಗದ ಮುಗಿದಿದೆ. ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಯಾವುದೋ ರದ್ದಿ ಹಾಳೆಯ ಹಿಂಬದಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಗುಳಿಗೆ ಮೊನ್ನೆ ಲಾಂಚಿನಲ್ಲಿ ಬಂತು. ಬಂದ ಸಂಜೆಯೇ ಶುರು ಮಾಡಿದೆ. ಒಂದು ಹೊತ್ತೂ ತಪ್ಪಿಸಿಲ್ಲ. ನಿನ್ನ ಗುಳಿಗೆ, ನೀನು ಹೇಳಿದ ಗಳಿಗೆ.

ಅವನು ಮಾತ್ರ ದಿನದಿಂದ ದಿನಕ್ಕೆ ಹಗುರಾಗುತ್ತಿದ್ದಾನೆ. ಏಣಿಯ ಮೇಲೆ ಎತ್ತಿಕೊಂಡು ಹೋಗುವಾಗ ಮೊದಲು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ; ಈಗ ಒಂದೇ ಉಸಿರಿಗೆ ಆಗುತ್ತದೆ. ವಸಡು ಈ ಹಾಳೆಯಷ್ಟೇ ಬಿಳಿ. ಚಾಪೆಯ ಮೇಲೆ ಹೋಗುವುದು ಹಾಲು ಹಾಕದ ಚಹಾದ ಬಣ್ಣ. ಗಾಳಿ ಎದ್ದು ದೋಣಿ ಹೊಯ್ದಾಡಿದರೆ ಕಾಲೂರಿ ನಿಲ್ಲುವುದಕ್ಕಾಗದೆ ಆ ಗೋಡೆಯಿಂದ ಈ ಗೋಡೆಗೆ ಜಾರುತ್ತಾನೆ. ಸುತ್ತ ದಿಂಬು ಕಟ್ಟಿದ್ದೇನೆ.

ಪಕ್ಕದ ದೋಣಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಒಬ್ಬರೇ ಸುತ್ತುವವರು. ನಿನ್ನೆ ಬಂದು ಗುಮಾಸ್ತನ ತುಟಿ ಎತ್ತಿ ನೋಡಿದರು.

‘ಇದಕ್ಕೆ ರಕ್ತಾನೇ ಇಲ್ವಲ್ರೀ. ಏನು ಕೊಡ್ತಿದ್ದೀರಾ?’

‘ಮನೆಯಿಂದ ಬಂದ ಮದ್ದು.’

‘ನನ್ನ ಹತ್ರ ಒಂದು ಪಟ್ಟಿ ಆಂಟಿಬಯೋಟಿಕ್ ಗುಳಿಗೆ ಇದೆ, ಹಲ್ಲಿನ ಸೋಂಕಿಗೆ ಕೊಡೋದು. ನಾಯಿ ಜ್ವರಕ್ಕೂ ಇದನ್ನೇ ಕೊಡ್ತಾರೆ ಅಂತ ಕೇಳಿದ್ದೀನಿ. ತಗೊಳ್ಳಿ.’

‘ಬೇಡಮ್ಮಾ. ನನ್ನ ಹೆಂಡತಿ ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದಾಳೆ. ಅವಳು ಕಳಿಸಿದ್ದು ಬಿಟ್ಟು ಬೇರೆಯವರದ್ದು ಕೊಟ್ರೆ ಅವಳಿಗೆ ಬೇಜಾರಾಗುತ್ತೆ.’

‘ನಾಯಿಗೆ ಬೇಜಾರಾಗಲ್ವಾ?’ ಅಂದರು. ಮೊಂಡು ಹೆಂಗಸು. ನಾನು ಪಟ್ಟಿ ಮುಟ್ಟಲಿಲ್ಲ.

ನಿನ್ನ ಮದ್ದಿನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಅಷ್ಟು ನಂಬಿಕೆ ನಿನಗಿದೆಯೇ ಅಂತ ಮಾತ್ರ ಒಂದು ಸಲ ಯೋಚಿಸು.

ನಕ್ಷೆಗಾರ


ಮಾರ್ಚ್ 9

ಮೊದಲು ಇದನ್ನು ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಬೆಳಿಗ್ಗೆಯಿಂದ ನಿಮ್ಮ ಫೋನು ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಹಲ್ಲಿನ ಡಾಕ್ಟರಮ್ಮನ ದೋಣಿಗೆ ಹೋಗಿ ಆ ಪಟ್ಟಿ ತೆಗೆದುಕೊಳ್ಳಿ. ನೂರು ಮಿಲಿಗ್ರಾಮಿನ ಗುಳಿಗೆಯಾದರೆ ದಿನಕ್ಕೆ ಎರಡು. ಖಾಲಿ ಹೊಟ್ಟೆಗೆ ಬೇಡ, ಏನಾದರೂ ನೆಕ್ಕಿಸಿ ಕೊಡಿ. ಬಾಯಿ ಬಿಡದಿದ್ದರೆ ದವಡೆಯ ಹಿಂದೆ ಒತ್ತಿ. ನಾನು ಕಳಿಸಿದ ಹಳದಿ ಗುಳಿಗೆಯನ್ನು ಸಮುದ್ರಕ್ಕೆ ಎಸೆಯಿರಿ.

ನೀವು ಬರೆದ ಹಾಳೆಯ ಮುಂಬದಿ ಓದಿದೆ. ದೋಣಿ ರಿಪೇರಿ ಅಂಗಳದ ಕೆಲಸದ ಚೀಟಿ. ‘ದೋಣಿ ಮೇಲೆತ್ತಿದ್ದು ಡಿಸೆಂಬರ್ 20. ತಳ ಕೆರೆದು ಎರಡು ಹಲಗೆ ಬದಲಿಸಿದ್ದು. ನೀರಿಗಿಳಿಸಿದ್ದು ಫೆಬ್ರವರಿ 4. ಮಾಲೀಕರ ವಾಸ ಅಂಗಳದಲ್ಲೇ, ಜೊತೆಗೆ ಒಂದು ನಾಯಿ.’ ನೀವು ಎಲ್ಲೂ ಹೋಗಿರಲಿಲ್ಲ. ನಲವತ್ತಾರು ದಿನ ಅವನು ಹುಲ್ಲಿನಲ್ಲಿ, ದೋಣಿಯ ನೆರಳಿನಲ್ಲಿ ಮಲಗಿದ್ದ. ಅಂಗಳದಲ್ಲಿ ಬೇರೆ ನಾಯಿಗಳೂ ಇದ್ದಿರಬೇಕು. ನನ್ನ ತಂಗಿಯ ಗಂಡ ನಗುತ್ತಾನೆ ಅಂತ ನೀವು ಸಮುದ್ರ ಬರೆದಿರಿ. ನಿಮ್ಮ ಮಾತಿನಲ್ಲೆಲ್ಲ ಸುಳ್ಳು ಹುಡುಕುವ ನಾನು ಇರುವ ಒಂದು ಸುಳ್ಳನ್ನು ನಂಬಿ, ಇರುವ ಒಂದು ನಿಜವನ್ನು ಬಿಟ್ಟೆ.

ಆ ಗುಳಿಗೆ ಸಕ್ಕರೆ ಮತ್ತು ಬಣ್ಣ. ಎರಡನೇ ಡ್ರಾಯರಿನದು. ನಾಯಿ ನೆಟ್ಟಗಿದ್ದು ಯಜಮಾನರಿಗೆ ಗಾಬರಿ ಬಂದಾಗ ಕೊಡುತ್ತೇವಲ್ಲ, ‘ನಮ್ಮ ಬ್ರೌನಿ ನಿಟ್ಟುಸಿರು ಬಿಡ್ತಿದೆ ಡಾಕ್ಟ್ರೇ’ ಅಂತ ಬರುವವರಿಗೆ, ಅದು. ನಿಮ್ಮ ಕಾಗದ ಓದಿ ಹೇಳಿದಾಗ ಡಾಕ್ಟರು ‘ಜ್ವರದ ಔಷಧೀನೇ ಒಂದು ಕೋರ್ಸ್ ಕಳಿಸಮ್ಮಾ, ಸುಮ್ನೆ ಅಪಾಯ ಯಾಕೆ ಬೇಕು’ ಅಂದರು. ‘ಕಾಯಿಲೆ ನಾಯಿದಲ್ಲ ಸಾರ್’ ಅಂತ ನಾನೇ ಎರಡನೇ ಡ್ರಾಯರು ಎಳೆದೆ.

ಇಪ್ಪತ್ತೆಂಟು ದಿನದ ಪೂರ್ತಿ ಔಷಧಿ ಇವತ್ತೇ ಬೇರೆ ಪಾರ್ಸಲ್ ಮಾಡಿದ್ದೇನೆ. ಅದು ಬರುವವರೆಗೆ ಆ ಪಟ್ಟಿ. ಎರಡು ದಿನದಲ್ಲಿ ಜ್ವರ ಇಳಿದರೂ ನಿಲ್ಲಿಸಬೇಡಿ. ಜಗಳವನ್ನೆಲ್ಲ ಆಮೇಲೆ ಆಡೋಣ, ನಾನು ಎಲ್ಲಿಗೂ ಹೋಗುವುದಿಲ್ಲ.


ಮಾರ್ಚ್ 10

ಗುಮಾಸ್ತ ಹೋದ. ಇವತ್ತು ಬೆಳಿಗ್ಗೆ ಏಳೂವರೆಗೆ.

ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಇಟ್ಟೆ. ಈ ಸಲ ಮುಖ ತಿರುಗಿಸಲಿಲ್ಲ. ಅವನೂ ನೋಡಬೇಡ ಅನ್ನಲಿಲ್ಲ. ಎರಡು ಸಲ ಕಾಲು ಝಾಡಿಸಿದ, ಓಡುವವನ ಹಾಗೆ. ಆಮೇಲೆ ಏನೂ ಇಲ್ಲ. ಹಾಯಿಯ ಹಳೆ ತುಂಡಿನಲ್ಲಿ ಹೊಲಿದು, ಕಬ್ಬಿಣದ ಸರಪಳಿ ಕಟ್ಟಿ, ಬಂದರಿನ ಬಾಯಿಯಾಚೆ ಎಂಟು ಮಾರು ಆಳದಲ್ಲಿ ಬಿಟ್ಟೆ. ನಕ್ಷೆಯಲ್ಲಿ ಆ ಎಂಟು ಬರೆದದ್ದು ನಾನೇ. ಆಗ ನಮ್ಮ ಮದುವೆಯಾಗಿರಲಿಲ್ಲ.

ಇನ್ನೊಂದು ವಿಷಯ. ನೀನು ಕಳಿಸಿದ ಗುಳಿಗೆಯನ್ನು ಮೊದಲ ಸಂಜೆಯೇ ನೆಕ್ಕಿ ನೋಡಿದ್ದೆ. ನೆಕ್ಕುವುದೂ ಬೇಕಿರಲಿಲ್ಲ, ಬಣ್ಣದಲ್ಲೇ ಗೊತ್ತಾಗಿತ್ತು. ಎಷ್ಟು ಸಲ ನಮ್ಮ ಅಡುಗೆಮನೆಯಲ್ಲಿ ಕೂತು ಆ ಡ್ರಾಯರಿನ ಕಥೆ ಹೇಳಿ ನಕ್ಕಿದ್ದೀಯ. ‘ಅವಳು ಎಂಟು ದಿನ ಕೊಟ್ಟು, ಈಗ ನಮ್ಮ ಬ್ರೌನಿ ಮಾತಾಡೋದೊಂದು ಬಾಕಿ ಅಂದ್ಲು ಕಣ್ರೀ’ ಅಂತ. ನಾನೂ ನಕ್ಕಿದ್ದೆ. ಆ ಹೆಂಗಸಿನ ಜಾಗದಲ್ಲಿ ನನ್ನನ್ನು ಕೂರಿಸಿದೆ.

ಗೊತ್ತಿದ್ದೂ ಕೊಟ್ಟೆ. ಬೆಳಿಗ್ಗೆ ಒಂದು, ಸಂಜೆ ಒಂದು, ನೀನು ಬರೆದ ಹಾಗೆ, ಇಪ್ಪತ್ತೂ. ಆ ಡಾಕ್ಟರಮ್ಮ ಮತ್ತೆರಡು ಸಲ ಪಟ್ಟಿ ಹಿಡಿದುಕೊಂಡು ಬಂದರು, ಎರಡು ಸಲವೂ ವಾಪಸ್ ಕಳಿಸಿದೆ. ನೀನು ನನ್ನನ್ನು ನಂಬಿದ್ದರೆ ಅವನು ಬದುಕುತ್ತಿದ್ದ. ನಂಬಲಿಲ್ಲ. ಸರಿ, ಹಾಗಾದರೆ ಕೊನೆಯವರೆಗೂ ನಿನ್ನ ಲೆಕ್ಕದ ಪ್ರಕಾರವೇ ನಡೆಯಲಿ ಅಂದುಕೊಂಡೆ. ತಿನ್ನಿಸಿದ್ದು ನನ್ನ ಕೈ, ಕಳಿಸಿದ್ದು ನಿನ್ನ ಕೈ. ನನ್ನ ಕೈ ಸಮುದ್ರದ ನೀರಿನಲ್ಲಿ ತೊಳೆದುಕೊಂಡಿದ್ದೇನೆ. ನಿನಗೆ ಅಲ್ಲಿ ನಲ್ಲಿ ಇದೆ.

ನಾಳೆ ಇಲ್ಲಿಂದ ಹೊರಡುತ್ತೇನೆ. ಮುಂದಿನ ಬಂದರಿನ ವಿಳಾಸ ಹಿಂದೆ ಬರೆದಿದೆ. ಬರೆಯಲೇಬೇಕು ಅಂತಿಲ್ಲ.


ಮಾರ್ಚ್ 22

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ನನ್ನ ಒಂಬತ್ತನೇ ತಾರೀಕಿನ ಕಾಗದವೂ ಪಾರ್ಸಲ್ಲೂ ನಿಮಗೆ ಸಿಕ್ಕಿರಲಿಕ್ಕಿಲ್ಲ. ಅದರಲ್ಲಿ ಔಷಧಿ ಇತ್ತು, ನಿಜವಾದದ್ದು. ತಡವಾಗಿ ಕಳಿಸಿದ ನಿಜ.

ಮೊದಲ ದಿನ ನಾನು ನಂಬಲಿಲ್ಲ. ಇದೂ ನಿಮ್ಮ ಆಟ, ನನ್ನನ್ನು ಹೊರಡಿಸಲು ಅಂದುಕೊಂಡೆ. ಮತ್ತೆ ಓದಿದೆ. ಕಾಲು ಝಾಡಿಸಿದ್ದು ಬರೆದಿದ್ದೀರಲ್ಲ, ಓಡುವವನ ಹಾಗೆ ಅಂತ. ಕೊನೆಗೆ ಹಾಗೆ ಮಾಡುತ್ತವೆ ಅಂತ ನಾನು ನಿಮಗೆ ಯಾವತ್ತೂ ಹೇಳಿರಲಿಲ್ಲ, ಊಟದ ಹೊತ್ತಿನಲ್ಲಿ ಹೇಳುವ ಮಾತಲ್ಲ ಅಂತ ಬಿಟ್ಟಿದ್ದೆ. ಆಗ ನಂಬಿದೆ.

ಡಾಕ್ಟರ ಮುಂದೆ ಎರಡನೇ ಡ್ರಾಯರನ್ನು ಎಳೆದು ತೆಗೆದು, ಹಾಗೇ ಕಸದ ಡಬ್ಬಕ್ಕೆ ಬೋರಲು ಹಾಕಿದೆ.

‘ಯಾಕಮ್ಮಾ, ಅದ್ರಿಂದ ಯಾವ ನಾಯಿಗೂ ಏನೂ ಆಗಿಲ್ವಲ್ಲ.’

‘ನಮ್ಮ ಮನೇದಕ್ಕೆ ಆಯ್ತು ಸಾರ್.’

ಈಗ ನಾನು ಔಷಧಿ ಕೊಡುತ್ತಿಲ್ಲ. ಬೇಡ ಅಂದಿದ್ದೇನೆ. ಗೂಡು ತೊಳೆಯುತ್ತೇನೆ, ಬಟ್ಟೆ ಒಗೆಯುತ್ತೇನೆ.

ನೀವು ಗೊತ್ತಿದ್ದೂ ಕೊಟ್ಟಿರಿ. ಅದನ್ನು ಓದಿದಾಗ ನಿಮ್ಮ ಮೇಲೆ ಸಿಟ್ಟು ಬರುತ್ತದೆ ಅಂತ ಕಾದೆ. ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ನಿಮ್ಮ ಒಂದು ಜ್ವರವನ್ನೂ ಜ್ವರ ಅಂತ ಮುಟ್ಟಿ ನೋಡಲಿಲ್ಲ. ಎರಡನೇ ಸಲ ನೀವು ನಿಜವಾಗಿಯೂ ಎರಡು ದಿನ ಯಾರ ಜೊತೆಯೂ ಮಾತಾಡದೆ ಕೂತಿದ್ದಿರೋ ಏನೋ. ಅದನ್ನು ಹೇಳಲು ಮೇಷ್ಟ್ರ ಕೈಬರಹ ಬೇಕಾಯಿತೋ ಏನೋ. ನಾನು ಅಕ್ಷರ ಯಾರದ್ದು ಅಂತ ನೋಡಿದೆ, ಬರೆದದ್ದನ್ನು ನೋಡಲಿಲ್ಲ.

ಒಬ್ಬರೇ ಇರಬೇಡಿ, ಬನ್ನಿ. ಏನನ್ನೂ ಕೇಳುವುದಿಲ್ಲ. ನೀವೂ ಕೇಳಬೇಡಿ. ಕಿಟಕಿ ಪಕ್ಕದ ಮಂಚಕ್ಕೆ ಹೊಸ ಹೊದಿಕೆ ಹಾಕಿದ್ದೇನೆ. ಬಾಗಿಲು ತೆಗೆಯುವಾಗ ಇನ್ನು ಮೇಲೆ ಮೆಲ್ಲಗೆ ತಳ್ಳಬೇಕಾಗಿಲ್ಲ, ಅದೊಂದು ನನಗೆ ಅಭ್ಯಾಸವಾಗುತ್ತಿಲ್ಲ.


ಏಪ್ರಿಲ್ 12
ಎರಡನೇ ಬಂದರು

ಇದನ್ನು ಹೇಗೆ ಶುರು ಮಾಡಬೇಕು ಅಂತ ಗೊತ್ತಾಗದೆ ಹನ್ನೊಂದು ದಿನ ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನೇರವಾಗಿ ಬರೆಯುತ್ತೇನೆ. ಗುಮಾಸ್ತ ಬದುಕಿದ್ದಾನೆ. ಈ ಮೇಜಿನ ಕೆಳಗೆ, ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಾನೆ.

ಆದದ್ದು ಇದು. ನಾನು ಪಟ್ಟಿ ಬೇಡ ಅಂದ ಮೇಲೂ ಆ ಡಾಕ್ಟರಮ್ಮ ಬಿಡಲಿಲ್ಲ. ನಾನು ನೀರು ತರಲು ಹೋಗುವುದನ್ನೇ ನೋಡಿಕೊಂಡು, ಮಾರ್ಚ್ ಮೂರರಿಂದ ಐದು ದಿನ, ಗುಳಿಗೆಯನ್ನು ಬೆಣ್ಣೆಯಲ್ಲಿ ಸುತ್ತಿ ಅವನಿಗೆ ತಿನ್ನಿಸಿದ್ದಾರೆ. ಹತ್ತನೇ ತಾರೀಕು ಬೆಳಿಗ್ಗೆ ಅವನು ತಾನಾಗಿಯೇ ಏಣಿಯ ಮೇಲೆ ಮುಂಗಾಲಿಟ್ಟ. ಪಕ್ಕದ ದೋಣಿಯಿಂದ ಅವರು ನೋಡಿ ನಕ್ಕರು. ‘ನಿಮ್ಮ ಹೆಂಡ್ತಿ ಮದ್ದು ಭಾರೀ ಕೆಲಸ ಮಾಡ್ತು ನೋಡಿ’ ಅಂದರು. ಆಮೇಲೆ ಹೇಳಿದರು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಕ್ಷಣ. ಆದರೆ ನಿನಗೆ ಬರೆಯಬೇಕಾದ ಕಾಗದವನ್ನು ಹತ್ತು ದಿನದಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟಿದ್ದೆ. ಕೈ, ನಲ್ಲಿ, ಎಲ್ಲ. ನಾಯಿ ಬದುಕಿದರೆ ಅಷ್ಟೂ ಹಾಳಾಗುತ್ತದಲ್ಲ ಅನ್ನಿಸಿತು. ಅವನು ಪಕ್ಕದಲ್ಲಿ ಬಾಲ ಆಡಿಸುತ್ತಿರುವಾಗಲೇ ಕೂತು ಅವನನ್ನು ಸಾಯಿಸಿ ಬರೆದೆ. ಕಾಲು ಝಾಡಿಸುವುದನ್ನು ನಾನೇ ಊಹಿಸಿದೆ. ಅದು ನಿಜವಾಗಿಯೂ ಹಾಗೇ ಇರುತ್ತದೆ ಅಂತ ನಿನ್ನ ಕಾಗದದಿಂದ ಗೊತ್ತಾಯಿತು.

ನೀನು ‘ಬನ್ನಿ’ ಅಂತ ಬರೆದ ದಿನವೇ ನಿಜ ಹೇಳಬೇಕಿತ್ತು. ಹೇಳಿದರೆ ಆ ‘ಬನ್ನಿ’ ಇರುವುದಿಲ್ಲ ಅಂತ ಹೆದರಿದೆ. ಸುಮ್ಮನೆ ಅವನನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲೋಣ ಅಂದುಕೊಂಡೆ. ಹೊರಡುವ ತಯಾರಿಯಲ್ಲಿದ್ದೆ.

ಆರು ದಿನದಿಂದ ಜ್ವರ ಮತ್ತೆ ಬಂದಿದೆ. ಈ ಸಲ ಮೂಗಿನಿಂದ ರಕ್ತ ಬರುತ್ತಿದೆ, ಎಡಗಡೆಯಿಂದ, ನಿಲ್ಲುವುದಿಲ್ಲ. ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ಡಾಕ್ಟರಮ್ಮನ ಹತ್ತಿರ ಇದ್ದದ್ದೇ ಹತ್ತು ಗುಳಿಗೆ, ಅವು ಮುಗಿದು ತಿಂಗಳಾಯಿತು. ನಮ್ಮ ಹಿಂದೆಯೇ ಈ ಬಂದರಿಗೆ ಬಂದವರು ನಿನ್ನೆವರೆಗೆ ಇಲ್ಲೇ ಇದ್ದರು, ಇವತ್ತು ಬೇರೆ ದಿಕ್ಕಿಗೆ ಹೋದರು. ಹೋಗುವ ಮುಂಚೆ, ಇದೆಲ್ಲ ನಿಜ ಅಂತ ನಿನಗೆ ಒಂದು ಚೀಟಿ ಬರೆದುಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಈ ಸ್ಥಿತಿಯಲ್ಲಿ ಅವನನ್ನು ಅಷ್ಟು ದೂರ ಕರೆದುಕೊಂಡು ಬರಲಾಗುವುದಿಲ್ಲ, ಎತ್ತಿದರೆ ರಕ್ತ ಹೆಚ್ಚಾಗುತ್ತದೆ. ಬಿಟ್ಟು ಬರುವುದಕ್ಕೆ ಯಾರೂ ಇಲ್ಲ. ಇಲ್ಲಿಯ ಅಂಗಡಿಯಲ್ಲಿ ಆ ಔಷಧಿ ಇಲ್ಲ, ತರಿಸಿ ಕೊಡುತ್ತೇನೆ ಅಂದವನು ತರಿಸಿಲ್ಲ.

ಆ ಪಾರ್ಸಲ್ ನಿನಗೆ ವಾಪಸ್ ಬಂದಿರಬೇಕು. ದಯವಿಟ್ಟು ಅದನ್ನೇ ಕಳಿಸು. ನನಗೆ ಏನೂ ಬರೆಯಬೇಡ, ಔಷಧಿ ಮಾತ್ರ ಕಳಿಸು.


ಏಪ್ರಿಲ್ 24
ಕ್ಲಿನಿಕ್ಕು

ನಕ್ಷೆಗಾರರಿಗೆ,

ನಿಮ್ಮ ಕಾಗದ, ಜೊತೆಗಿದ್ದ ಚೀಟಿ, ಎರಡೂ ತಲುಪಿದವು.

ಚೀಟಿಯ ಕೆಲಸ ಚೆನ್ನಾಗಿದೆ. ಓರೆ ಅಕ್ಷರ, ಅವಸರದ ಒತ್ತಕ್ಷರ, ಕೊನೆಯಲ್ಲಿ ಡಾಕ್ಟರುಗಳು ಎಳೆಯುವಂಥ ರುಜು. ಮೇಷ್ಟ್ರದ್ದಕ್ಕಿಂತ ಎಷ್ಟೋ ವಾಸಿ. ಹಲ್ಲಿನ ಡಾಕ್ಟರಮ್ಮ ಅನ್ನುವವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ನನ್ನ ನಮಸ್ಕಾರ ಹೇಳಿ, ಇಲ್ಲದಿದ್ದರೆ ನೀವೇ ಇಟ್ಟುಕೊಳ್ಳಿ.

ಮೂಗಿನ ರಕ್ತ, ಹೊಟ್ಟೆಯ ಚುಕ್ಕೆ, ತಿಂಗಳ ಮೇಲೆ ಮರುಕಳಿಸಿದ್ದು. ಐದು ದಿನಕ್ಕೆ ಔಷಧಿ ನಿಂತರೆ ಸರಿಯಾಗಿ ಹೀಗೇ ಆಗುತ್ತದೆ. ಒಂದೂ ತಪ್ಪಿಲ್ಲ. ಊಟದ ಹೊತ್ತಿನಲ್ಲಿ ನಾನು ಹೇಳಿದ್ದು ಯಾವುದೂ ವ್ಯರ್ಥವಾಗಿಲ್ಲ.

ಗುಮಾಸ್ತ ಮಾರ್ಚ್ ಹತ್ತನೇ ತಾರೀಕು ಬೆಳಿಗ್ಗೆ ಏಳೂವರೆಗೆ ತೀರಿಕೊಂಡ. ಅದನ್ನು ನಂಬುವುದಕ್ಕೆ ನನಗೆ ಎಷ್ಟು ಕಷ್ಟವಾಯಿತು ಅಂತ ನಿಮಗೆ ಗೊತ್ತಿಲ್ಲ. ನಂಬಿದ ಮೇಲೆ ಅವನ ತಟ್ಟೆ ತೊಳೆದು ಅಟ್ಟದ ಮೇಲಿಟ್ಟೆ. ಬಾಗಿಲನ್ನು ಎಲ್ಲರ ಹಾಗೆ ತಳ್ಳಿ ತೆಗೆಯುವುದನ್ನು ಕಲಿತೆ. ಈಗ ನೀವು ‘ಇಲ್ಲ, ಬದುಕಿದ್ದಾನೆ, ಆದರೆ ಸಾಯುತ್ತಿದ್ದಾನೆ’ ಅನ್ನುತ್ತೀರಿ. ಒಂದು ನಾಯಿಗೆ ಎರಡು ಸಲ ಅಳುವಷ್ಟು ನನ್ನ ಹತ್ತಿರ ಉಳಿದಿಲ್ಲ. ಮಾರ್ಚಿನಲ್ಲಿ ನಾನಾಗಿ ‘ಬನ್ನಿ’ ಅಂದೆ. ನಿಮಗೆ ಬರುವುದು ಬೇಡ, ನಾನು ಓಡಿ ಬರಬೇಕು, ನೀವು ಇಸ್ಪೀಟು ಹರಡಿಕೊಂಡು ಕೂತಿರಬೇಕು.

ಬುಧವಾರ ಇಲ್ಲಿಗೆ ಫೋನು ಮಾಡಿದ್ದಿರಿ. ಡಾಕ್ಟರು ಎತ್ತಿದರು.

‘ಅಮ್ಮಾ, ನಿಮ್ಮ ಯಜಮಾನ್ರು. ಅಳ್ತಿದ್ದಾರೆ.’

‘ಕೆಮ್ಮಿದ್ರಾ?’

‘ಇಲ್ಲ.’

‘ಇನ್ನೇನು ಕೆಮ್ತಾರೆ. ಇಟ್ಬಿಡಿ ಸಾರ್.’

ಪಾರ್ಸಲ್ಲು ಎಂಟನೇ ತಾರೀಕು ವಾಪಸ್ ಬಂತು, ಹಗ್ಗವನ್ನೂ ಬಿಚ್ಚಿರಲಿಲ್ಲ. ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಹತ್ತನೇ ತಾರೀಕು ಬಸ್ ಡ್ರೈವರೊಬ್ಬರು ಒಂದು ಹೆಣ್ಣು ನಾಯಿಯನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಬಂದರು. ಬಿಳಿ ವಸಡು, ಬಿಸಿ ಕಿವಿ. ಡಾಕ್ಟರು ನನ್ನ ಮುಖ ನೋಡಿದರು. ನಾನೇ ಹಗ್ಗ ಬಿಚ್ಚಿದೆ. ಅವತ್ತಿನಿಂದ ಮತ್ತೆ ಔಷಧಿ ಕೊಡುವ ಜಾಗದಲ್ಲಿ ಕೂತಿದ್ದೇನೆ. ಆ ನಾಯಿ ಮೂರನೇ ದಿನ ಎದ್ದು ನಿಂತಿತು, ಆರನೇ ದಿನ ತಟ್ಟೆ ನೆಕ್ಕಿತು. ನಿನ್ನೆಗೆ ಹದಿನಾಲ್ಕು ದಿನ ಮುಗಿಯಿತು, ಇನ್ನು ಹದಿನಾಲ್ಕು ದಿನದ್ದು ಉಳಿದಿದೆ. ಅದನ್ನು ಪೂರ್ತಿ ಇದಕ್ಕೇ ಕೊಡಲೇಬೇಕು. ನಡುವೆ ನಿಲ್ಲಿಸಿದರೆ ಏನಾಗುತ್ತದೆ ಅಂತ ನೀವೇ ಬರೆದಿದ್ದೀರಿ.

ಹೊರಗಡೆ ಡ್ರೈವರು ಕಾಯುತ್ತಿದ್ದಾರೆ, ಇವತ್ತಿನದು ಕೊಡಬೇಕು. ಬೆಣ್ಣೆಯಲ್ಲಿ ಸುತ್ತಿ ಕೊಟ್ಟರೆ ಬೆಣ್ಣೆ ನೆಕ್ಕಿ ಗುಳಿಗೆ ಉಗುಳಿಬಿಡುತ್ತದೆ. ನಾನು ದವಡೆ ಬಿಡಿಸಿ, ನಾಲಿಗೆಯ ಹಿಂದಕ್ಕೆ ಹಾಕಿ, ಅದು ನುಂಗುವವರೆಗೂ ಗದ್ದ ಹಿಡಿದುಕೊಂಡು ಕೂತಿರುತ್ತೇನೆ.

ಒಡತಿ